ಬೆನ್ನ ಮೇಲಿನ ಮನೆ ಹೆಸರು

ಗುರುಗ್ರಾಮದ ಆ ಹೋಟೆಲಿನ ಸಭಾಂಗಣದ ಬಾಗಿಲು ತೆಗೆದ ಕೂಡಲೇ ವಾಸನೆ ಮೂಗಿಗೆ ಬಡಿಯಿತು. ಎಸಿಯಲ್ಲಿ ತಣ್ಣಗಾದ ಕಾರ್ಪೆಟ್ಟು, ಅದರೊಳಗೆ ಇಳಿದು ಕೂತ ಹಳೆಯ ಸಿಗರೇಟಿನ ಹೊಗೆ, ಅದನ್ನು ಮುಚ್ಚಲು ಮೇಲಿಂದ ಹೊಡೆದ ಮಲ್ಲಿಗೆಯ ರೂಮ್ ಫ್ರೆಶ್ನರ್... ನಮ್ಮ ಕಂಪನಿಯ ಈ ವರ್ಷದ ಕೂಟಕ್ಕೆ 'ಕ್ಯಾಸಿನೊ ಸಂಜೆ' ಎಂದು ಯಾರೋ ಮಹಾಶಯರು ಹೆಸರಿಟ್ಟಿದ್ದರು. ಏರ್ಪಾಡು ನೋಡುವುದು ನನ್ನ ವಿಭಾಗದ ಕೆಲಸವಾದ್ದರಿಂದ ಮಧ್ಯಾಹ್ನವೇ ಹೋಗಿದ್ದೆ. ಬಾಡಿಗೆಗೆ ತಂದ ಹಸಿರು ಬಟ್ಟೆಯ ಮೇಜುಗಳನ್ನು ಹೋಟೆಲಿನ ಕೆಲಸದ ಭಯ್ಯಾಗಳು ಸಾಲಾಗಿ ಜೋಡಿಸುತ್ತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಹೊರಗೆ ಹೋಗಿ ನೀರು ಕುಡಿದು ನಿಂತುಕೊಂಡೆ.

ಕರ್ನಲ್ ಅಂಕಲ್ ಗೋವಾದಿಂದ ಬಂದ ದಿನ ನಮ್ಮ ಮೆಟ್ಟಿಲ ತುಂಬ ಇದೇ ವಾಸನೆ ಇರುತ್ತಿತ್ತು.

ದೆಹಲಿಯ ವಸಂತ್ ಕುಂಜ್‌ನ ಸರ್ಕಾರಿ ಫ್ಲ್ಯಾಟುಗಳಲ್ಲಿ ನಾವು ಎರಡನೇ ಮಹಡಿ, ಅವರು ಕೆಳಗಿನ ಮನೆ. ಅಪ್ಪ ಪಕ್ಕದ ವಿಶ್ವವಿದ್ಯಾಲಯದ ಕಚೇರಿಯಲ್ಲಿದ್ದರು, ನಮ್ಮದು ಚಿತ್ರದುರ್ಗದ ಕಡೆ. ಅಂಕಲ್ ಕೊಡಗಿನವರು, ಸೈನ್ಯದಿಂದ ನಿವೃತ್ತರಾದವರು. ಎತ್ತರದ ಆಳು, ಚೊಕ್ಕವಾದ ಮೀಸೆ, ಮನೆಯೊಳಗೂ ತೆಗೆಯದ ಕಪ್ಪು ಕನ್ನಡಕ. ಪೋಕರ್ ಆಡುವವರು ಕಣ್ಣು ತೋರಿಸಬಾರದಂತೆ, ಅದಕ್ಕೆ ಅಭ್ಯಾಸ ಎನ್ನುತ್ತಿದ್ದರು. ಹೆಂಡತಿಯ ಎದುರು ಕೂತು ರೊಟ್ಟಿ ತಿನ್ನುವಾಗ ಯಾವ ಗುಟ್ಟು ಕಾಯುವುದಿತ್ತೋ ಕಾಣೆ. ಆಗ ಅದೂ ನನಗೆ ದೊಡ್ಡಸ್ತಿಕೆಯಾಗಿಯೇ ಕಂಡಿತ್ತು. ಅವರಿಗೆ ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ನಾನು ಬರೀ ಆಂಟಿ ಎನ್ನುತ್ತಿದ್ದೆ.

ಆಟವೆಂದರೆ ಅವರಿಗೆ ಪ್ರಾಣ, ಇದನ್ನು ಒಪ್ಪಲೇಬೇಕು. ಹಾಕಿ, ಕ್ರಿಕೆಟ್, ಟೆನಿಸ್, ಕೊನೆಗೆ ಕೇರಂ ಪಂದ್ಯ ತೋರಿಸಿದರೂ ಟಿವಿ ಮುಂದಿನಿಂದ ಏಳುತ್ತಿರಲಿಲ್ಲ. ಆದರೆ ಚೆಂಡು ನೋಡುತ್ತಿರಲಿಲ್ಲ. "ಚೆಂಡು ನೋಡೋರು ದಡ್ಡರು ಮರಿ, ಮುಖ ನೋಡು. ಈ ಬೌಲರ್ ಈಗ ಸೋತ, ಅವನಿಗೇ ಗೊತ್ತಿಲ್ಲ" ಎನ್ನುತ್ತಿದ್ದರು. ಹಾಗೆಯೇ ಆಗುತ್ತಿತ್ತು. ಎಲ್ಲದಕ್ಕೂ ಬಾಜಿ. ಟಾಸ್ ಆಗುವ ಮೊದಲು ಕುಕ್ಕರ್ ಕೂಗುತ್ತದೋ ಇಲ್ಲವೋ, ಎದುರು ಫ್ಲ್ಯಾಟಿನ ಪ್ರೊಫೆಸರ್ ಇವತ್ತು ಕಾರು ತೆಗೆಯುವಾಗ ಗೋಡೆಗೆ ತಾಗಿಸುತ್ತಾರೋ ಇಲ್ಲವೋ. ನಾನು ಬಿದ್ದು ಬಿದ್ದು ನಗುತ್ತಿದ್ದೆ.

ವರ್ಷಕ್ಕೆ ಎರಡು ಮೂರು ಸಲ ಗೋವಾ. ನದಿಯಲ್ಲಿ ಲಂಗರು ಹಾಕಿ ನಿಂತ ಹಡಗಿನ ಕ್ಯಾಸಿನೊ, ಒಳಗೆ ಹೋದರೆ ಹಗಲು ರಾತ್ರಿ ಗೊತ್ತಾಗದು ಎಂದು ವರ್ಣಿಸುತ್ತಿದ್ದರು. ಜೊತೆಗೆ ಇಬ್ಬರು ಇಸ್ಪೀಟಿನ ಗೆಳೆಯರು. ಒಬ್ಬರದು ಪೀತಮ್‌ಪುರದಲ್ಲಿ ಟೈಲ್ಸ್ ಅಂಗಡಿ, ಇನ್ನೊಬ್ಬರು ಲೋಧಿ ಕಾಲೋನಿಯ ನಿವೃತ್ತ ಅಧಿಕಾರಿ. ಊರಿನಿಂದ ಫೋನು ಬಂದರೆ ಆಂಟಿ "ರೆಜಿಮೆಂಟಿನವರ ಕೂಟಕ್ಕೆ ಹೋಗಿದ್ದಾರೆ" ಎಂದುಬಿಡುತ್ತಿದ್ದರು. ಅಂಕಲ್ ಬರುವಾಗ ನನಗೆ ಗೋಡಂಬಿಯ ಪೊಟ್ಟಣ ತರುತ್ತಿದ್ದರು. ಆ ಗೋಡಂಬಿಗೂ ಸಿಗರೇಟಿನ ವಾಸನೆ. ಆದರೂ ತಿನ್ನುತ್ತಿದ್ದೆ, ಇಷ್ಟಪಟ್ಟೇ ತಿನ್ನುತ್ತಿದ್ದೆ.

ನನ್ನ ಬಗ್ಗೆಯೂ ಸ್ವಲ್ಪ ಹೇಳಬೇಕು. ಆಗ ಒಂಬತ್ತನೇ ಕ್ಲಾಸು. ದಪ್ಪಗಿದ್ದೆ, ದಪ್ಪ ಗಾಜಿನ ಕನ್ನಡಕ, ಓಡಿದರೆ ಏದುಸಿರು. ಶಾಲೆಯಲ್ಲಿ ತಂಡ ಕಟ್ಟುವಾಗ ಇಬ್ಬರು ನಾಯಕಿಯರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತ ಹೋಗಿ ಕೊನೆಗೆ ನಾನೊಬ್ಬಳು ಉಳಿಯುತ್ತಿದ್ದೆ. "ತೂ ಲೇ ಲೇ", "ನಹೀಂ, ತೂ ಲೇ ಲೇ" ಎಂದು, ನೀನೇ ತಗೋ ನೀನೇ ತಗೋ ಎಂದು, ಅವರು ನನ್ನನ್ನು ಒಬ್ಬರಿಂದೊಬ್ಬರಿಗೆ ತಳ್ಳುತ್ತಿದ್ದರು. ಇದು ಅನುಭವಿಸಿದವರಿಗೆ ಮಾತ್ರ ಗೊತ್ತು.

ಕೊಡಗಿನವರಲ್ಲಿ ಒಂದು ಪದ್ಧತಿ ಇದೆ. ಹಾಕಿ ಆಡುವುದು ಮನೆತನ ಮನೆತನದ ನಡುವೆ. ಅಜ್ಜನಿಂದ ಮೊಮ್ಮಗಳವರೆಗೆ ಒಂದೇ ಮನೆ ಹೆಸರಿನ ಕೆಳಗೆ ಮೈದಾನಕ್ಕಿಳಿಯುತ್ತಾರೆ. ಮದುವೆಯಾದ ಹೆಣ್ಣು ಗಂಡನ ಮನೆಯ ಪರವೂ ಆಡಬಹುದು, ತವರಿನ ಪರವೂ ಆಡಬಹುದು. ದೆಹಲಿಯಲ್ಲಿದ್ದ ಕೆಲವು ಕುಟುಂಬಗಳು ಪ್ರತಿ ಚಳಿಗಾಲ ಒಂದು ಭಾನುವಾರ ಕಂಟೋನ್ಮೆಂಟಿನ ಮೈದಾನದಲ್ಲಿ ಸೇರಿ ಸಣ್ಣದಾಗಿ ಇದನ್ನು ಆಡುತ್ತಿದ್ದರು. ಏಳೇಳು ಜನರ ತಂಡ. ಆ ವರ್ಷ ಅಂಕಲ್ ಮನೆಯ ತಂಡಕ್ಕೆ ಒಬ್ಬರು ಕಡಿಮೆ ಬಿದ್ದರು. ಕಾಲೇಜಿಗೆ ಹೋಗುವ ಒಬ್ಬ ದೂರದ ನೆಂಟರ ಹುಡುಗ ಸಿದ್ಧವಾಗಿದ್ದನಂತೆ. ಅಂಕಲ್ ಬೇಡವೆಂದರು. ನಮ್ಮ ಮನೆಗೆ ಮೆಟ್ಟಿಲು ಹತ್ತಿ ಬಂದು ಅಪ್ಪನ ಎದುರು ಕೂತು, "ನಿಮ್ಮ ಮಗಳನ್ನ ನಮ್ಮ ಮನೆಗೆ ಕೊಡಿ ಸಾರ್, ಗೋಲ್ ಕಾಯೋಕೆ" ಎಂದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಅವರ ಹಿರಿಯರ ಸಭೆಯಲ್ಲಿ ಒಬ್ಬರು ತಕರಾರು ತೆಗೆದರಂತೆ, ಹೊರಗಿನವರು ಹೇಗೆ ಆಡುತ್ತಾರೆ ಎಂದು. "ಹೊರಗಿನವಳಲ್ಲ, ನಮ್ಮ ಸಾಕು ಮಗಳು" ಎಂದು ಅಂಕಲ್ ಹೇಳಿದರಂತೆ. ಮಕ್ಕಳಿಲ್ಲದ ಮನುಷ್ಯ ಹಾಗೆಂದ ಮೇಲೆ ಯಾರು ಏನು ಹೇಳುತ್ತಾರೆ? ಎಲ್ಲರೂ ಒಪ್ಪಿದರು. ಆಂಟಿ ನನ್ನ ಜೆರ್ಸಿಯ ಬೆನ್ನಿಗೆ ತಮ್ಮ ಮನೆ ಹೆಸರನ್ನು ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಕೈಯಲ್ಲೇ ಹೊಲಿದರು. ನಾನು ಅದನ್ನು ಹಾಕಿಕೊಂಡು ಕನ್ನಡಿಗೆ ಬೆನ್ನು ತಿರುಗಿಸಿ ಕತ್ತು ನೋಯುವಷ್ಟು ಹೊತ್ತು ನೋಡಿಕೊಂಡಿದ್ದೆ. ನನ್ನನ್ನು ಒಬ್ಬರು ಮೊದಲು ಆರಿಸಿದ್ದರು. ಅಷ್ಟೇ ಅಲ್ಲ, ಮನೆ ಹೆಸರನ್ನೇ ಕೊಟ್ಟಿದ್ದರು.

ಅಂಕಲ್ ನನಗೆ ಏನೂ ಹೇಳಿಕೊಡಲಿಲ್ಲ. "ನೀನು ನಿಂತರೆ ಸಾಕು" ಎಂದು ಬೆನ್ನು ತಟ್ಟಿ ಗೋವಾಕ್ಕೆ ಹೊರಟುಹೋದರು. ಅದನ್ನು ನನ್ನ ಮೇಲಿನ ನಂಬಿಕೆ ಎಂದುಕೊಂಡೆ. ಕಲಿಸಿದ್ದು ಆಂಟಿ. ಅವರು ಮಡಿಕೇರಿಯಲ್ಲಿ ಕಾಲೇಜು ತಂಡಕ್ಕೆ ಆಡಿದವರೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಫ್ಲ್ಯಾಟಿನ ಹಿಂದಿನ ಓಣಿಯಲ್ಲಿ, ಮಂಜು ಕವಿದ ಬೆಳಗುಗಳಲ್ಲಿ, ಸ್ವೆಟರಿನ ತೋಳು ಮೇಲೆ ಮಡಚಿ ಟೆನಿಸ್ ಚೆಂಡುಗಳನ್ನು ಎಸೆಯುತ್ತಿದ್ದರು. "ಕಣ್ಣು ಮುಚ್ಚಬೇಡ. ಪೆಟ್ಟಾದರೆ ಆಗಲಿ, ನಾನಿದ್ದೀನಿ ಎಣ್ಣೆ ಹಚ್ಚೋಕೆ." ಮೊದಲು ಎಲ್ಲ ಚೆಂಡೂ ನನ್ನನ್ನು ದಾಟಿ ಹೋಗುತ್ತಿತ್ತು. ಬರಬರುತ್ತ ಮೈ ತಾನಾಗಿ ಅಡ್ಡ ಬೀಳತೊಡಗಿತು. ದಪ್ಪಗಿರುವುದೂ ಒಂದು ಅನುಕೂಲವೇ ಎಂದು ಆಂಟಿ ನಗಿಸುತ್ತಿದ್ದರು. ಇದ್ಯಾವುದೂ ಅಂಕಲ್‌ಗೆ ಗೊತ್ತಿರಲಿಲ್ಲ, ಅವರು ಹಡಗಿನಲ್ಲಿದ್ದರು, ಬಂದ ಮೇಲೂ ಆ ಹೊತ್ತಿಗೆ ಮಲಗಿಯೇ ಇರುತ್ತಿದ್ದರು.

ಪಂದ್ಯದ ದಿನ ಅವರ ಇಸ್ಪೀಟಿನ ಗೆಳೆಯರಿಬ್ಬರೂ ಬಂದು ಮೈದಾನದಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಂಕಲ್ ತಮ್ಮ ಮನೆ ತಂಡದ ನಾಯಕರಾದರೂ ಮಂಡಿನೋವಿನ ನೆಪ ಹೇಳಿ ಆಡಲಿಲ್ಲ, ಗೆಳೆಯರ ಪಕ್ಕದಲ್ಲೇ ಇದ್ದರು. ಆಂಟಿ ಮುಂಚೂಣಿಯಲ್ಲಿ ಆಡಿದರು. ಆಟ ಸಮವಾಗಿ ಮುಗಿದು ಪೆನಾಲ್ಟಿ ಹೊಡೆತಗಳಿಗೆ ಬಂತು. ಕೊನೆಯ ಹೊಡೆತ ಎದುರು ತಂಡದ ಒಬ್ಬ ಗಟ್ಟಿಗನದು, ಸೈನ್ಯದಲ್ಲಿರುವ ಹುಡುಗ. ಕಣ್ಣು ಮುಚ್ಚಲಿಲ್ಲ ನಾನು. ಚೆಂಡು ಮೊಣಕಾಲಿಗೆ ಬಡಿದು ಪಕ್ಕಕ್ಕೆ ಸಿಡಿಯಿತು. ಗೆದ್ದಿದ್ದೆವು... ಆಂಟಿ ನನ್ನನ್ನು ಅಪ್ಪಿಕೊಂಡರು. ನಾನು ಅವರನ್ನು ಬಿಡಿಸಿಕೊಂಡು ಅಂಕಲ್ ಕಡೆಗೆ ಓಡಿದೆ.

ಅವರು ಕಪ್ಪು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. ಮುಖ ನೋಡು ಮರಿ ಎಂದು ಅವರೇ ಕಲಿಸಿದ್ದಲ್ಲವೇ, ನೋಡಿದೆ. ಬಾಯಿಯ ಒಂದು ಕೊನೆ ಕೆಳಗೆ ಜಾರಿತ್ತು. ಕೆಟ್ಟ ಸುದ್ದಿ ಕೇಳಿದವರ ಮುಖ ಅದು. ಮರುಕ್ಷಣ ಚಪ್ಪಾಳೆ ತಟ್ಟಿ ನಕ್ಕರು. ನಾನು ಕಂಡದ್ದು ತಪ್ಪಿರಬೇಕು ಎಂದುಕೊಂಡೆ.

ಊಟದ ಹೊತ್ತಿಗೆ ತಪ್ಪಿರಲಿಲ್ಲ ಎಂದು ತಿಳಿಯಿತು. ಮನೆಮನೆಯಿಂದ ತಂದ ಕಡಂಬಿಟ್ಟು, ಪಂದಿ ಕರಿ, ಅಕ್ಕಿ ರೊಟ್ಟಿಗಳನ್ನು ಮರದ ಕೆಳಗೆ ಬಡಿಸುತ್ತಿದ್ದರು. ಟೈಲ್ಸ್ ಅಂಗಡಿಯವರು ತಟ್ಟೆ ಹಿಡಿದು ಬಂದು ಅಂಕಲ್ ಭುಜ ಅಲ್ಲಾಡಿಸಿದರು. "ಕ್ಯಾ ಕರ್ನಲ್, ಹಾರ್‌ನೇ ಕೇ ಲಿಯೇ ಲಾಯಾ ಥಾ ಇಸ್‌ಕೋ, ಇಸೀನೇ ಜಿತಾ ದಿಯಾ." ಸೋಲಿಸಲೆಂದು ಕರೆತಂದವಳೇ ಗೆಲ್ಲಿಸಿಬಿಟ್ಟಳಲ್ಲ ಎಂದು. ಮೂವರೂ ನಕ್ಕರು. ಲೋಧಿ ಕಾಲೋನಿಯವರು ಮುಂದಿನ ಗೋವಾ ಟ್ರಿಪ್ಪಿನ ಖರ್ಚು ಪೂರ್ತಿ ಕರ್ನಲ್‌ದೇ ಎಂದು ನೆನಪಿಸಿದರು. ತಮ್ಮ ತಂಡ ಸೋಲುತ್ತದೆಂದು ಅಂಕಲ್ ಬಾಜಿ ಕಟ್ಟಿದ್ದರು. ಅದಕ್ಕೇ ಆ ಕಾಲೇಜು ಹುಡುಗ ಬೇಡವಾಗಿದ್ದ. ಅದಕ್ಕೇ ನಾನು ಬೇಕಾಗಿದ್ದೆ.

ನಾನು ಅಲ್ಲೇ ನಿಂತಿದ್ದೆ. ಅಂಕಲ್ ನನ್ನನ್ನು ನೋಡಿದರು. ನಾಚಿಕೆಪಟ್ಟಿದ್ದರೆ, ಕಡೇಪಕ್ಷ ಮಾತು ಹಾರಿಸಿದ್ದರೆ, ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲವೇನೋ. ಅವರು ಮೂಳೆ ಚೀಪುತ್ತ, "ಬೇಜಾರ್ ಮಾಡ್ಕೋಬೇಡ ಮರಿ, ಇದು ಆಟ. ನಿನ್ನನ್ನ ನಂಬಿಯೇ ಅಲ್ವಾ ನಾನು ಕಟ್ಟಿದ್ದು" ಎಂದು ಅದೇ ಎಣ್ಣೆಗೈಯಲ್ಲಿ ನನ್ನ ಬೆನ್ನು ತಟ್ಟಿದರು.

ಆಂಟಿ ಸೌಟು ಕೆಳಗಿಟ್ಟರು. ಅವರಿಬ್ಬರೂ ತಮ್ಮೊಳಗೆ ಕೊಡವ ಭಾಷೆಯಲ್ಲೇ ಮಾತಾಡುತ್ತಿದ್ದವರು. ಅವತ್ತು ಆಂಟಿ ಕನ್ನಡದಲ್ಲಿ ಕೇಳಿದರು, ನನಗೂ ತಿಳಿಯಲಿ ಎಂದೇ ಇರಬೇಕು. "ಮನೆ ಹೆಸರಿನ ಮೇಲೆ ಬಾಜಿ ಕಟ್ಟಿದ್ರಾ?"

"ಮೇಲೆ ಅಲ್ಲ, ಎದುರಿಗೆ" ಎಂದು ಅಂಕಲ್ ತಿದ್ದಿದರು. ನಗುತ್ತಲೇ ಇದ್ದರು.

ಅಸಹ್ಯ ಎಂಬ ಮಾತಿನ ಅರ್ಥ ನನಗೆ ಅವತ್ತು ಗೊತ್ತಾಯಿತು. ಬಾಜಿ ಕಟ್ಟುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಅದು ಅವರವರ ಹಣೆಬರಹ. ಆದರೆ ಈ ಮನುಷ್ಯ ನನ್ನ ಅಪ್ಪನ ಎದುರು ಕೂತು ನನ್ನನ್ನು ಕೇಳಿದ್ದು ಸುಳ್ಳು. ಮಕ್ಕಳಿಲ್ಲದ ತನ್ನ ದುಃಖವನ್ನು ಹಿರಿಯರ ಮುಂದೆ ಒಡ್ಡಿದ್ದೂ ಸುಳ್ಳು. ಹೆಂಡತಿ ಕೂತು ಹೊಲಿದ ಹೊಲಿಗೆಯೂ ಅವನಿಗೆ ಕೈಯಲ್ಲಿರುವ ಒಂದು ಇಸ್ಪೀಟಿನ ಎಲೆ. ಅವನು ಎಂದು ಬರೆದೆ, ಬರೆದದ್ದು ಹಾಗೆಯೇ ಇರಲಿ. ಮನೆಗೆ ಬಂದು ಜೆರ್ಸಿ ಕಿತ್ತೆಸೆದು, ಆ ಎಣ್ಣೆಗೈಯ ಗುರುತು ಮೈಮೇಲೇ ಇದೆಯೆಂಬಂತೆ ಚಳಿಯಲ್ಲೂ ಬೆನ್ನು ಉಜ್ಜಿ ಉಜ್ಜಿ ಸ್ನಾನ ಮಾಡಿದೆ.

ಮರುವರ್ಷ ಆಂಟಿ ಒಂದು ಕೆಲಸ ಮಾಡಿದರು. ಹಿರಿಯರ ಸಭೆಯಲ್ಲಿ ಎದ್ದು ನಿಂತು, ಇನ್ನು ಮುಂದೆ ತಾನು ತವರಿನ ಹೆಸರಿನಲ್ಲಿ ಆಡುತ್ತೇನೆ ಎಂದರು. ಪದ್ಧತಿ ಪ್ರಕಾರ ಅದು ಅವರ ಹಕ್ಕು, ಯಾರೂ ಕಾರಣ ಕೇಳುವಂತಿರಲಿಲ್ಲ. ಆದರೆ ಎಲ್ಲರಿಗೂ ಕಾರಣ ಗೊತ್ತಿತ್ತು. ಅಂಕಲ್ ಮಾತ್ರ ಅದಕ್ಕೂ ನಕ್ಕು, ಹೊಸ ತಂಡ ಎಷ್ಟನೇ ಸ್ಥಾನಕ್ಕೆ ಬರುತ್ತದೆಂದು ಗೆಳೆಯರೊಡನೆ ಲೆಕ್ಕ ಹಾಕಿದರಂತೆ.

ಆಮೇಲೆ ಆಂಟಿ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು, ಕೈಯಲ್ಲಿ ಬೇರೆ ಹೆಸರು ಹೊಲಿದ ಹೊಸ ಜೆರ್ಸಿ. "ಇದು ನನ್ನ ಅಪ್ಪನ ಮನೆ ಹೆಸರು. ಗೋಲಿಗೆ ನೀನು ಬೇಕು" ಎಂದರು. ನಾನು ಅವರ ಮುಖ ನೋಡಿದೆ. ಅಷ್ಟು ದಿನ ಓಣಿಯಲ್ಲಿ ನನಗೆ ಚೆಂಡು ಎಸೆದ ಆಂಟಿಯ ಮುಖ. ಅಲ್ಲೂ ನಾನು ಏನನ್ನೋ ಹುಡುಕುತ್ತಿದ್ದೆ, ಬಾಯಿಯ ಕೊನೆ ಎಲ್ಲಾದರೂ ಜಾರುತ್ತದೆಯೋ ಎಂದು. ಅವರಿಗೆ ಅದು ತಿಳಿಯಿತು. "ನಿನಗೆ ಚೆಂಡು ಎಸೆದದ್ದು ನಾನು ಕಣೇ, ಅವರಲ್ಲ" ಎಂದು ಮೆಲ್ಲಗೆ ಹೇಳಿದರು. ಪರೀಕ್ಷೆ ಇದೆ ಆಂಟಿ ಎಂದೆ. ಜೆರ್ಸಿಯನ್ನು ಮಡಚಿಕೊಂಡು ಇಳಿದು ಹೋದರು. ಆಮೇಲೆ ಎದುರು ಸಿಕ್ಕಾಗ ಇಬ್ಬರೂ ನಗುತ್ತಿದ್ದೆವು, ಅಷ್ಟೇ... ಆ ಮನುಷ್ಯನಿಂದ ನಾನು ಕಳೆದುಕೊಂಡದ್ದು ಆಂಟಿಯನ್ನು. ಅದಕ್ಕೇ ನನಗೆ ಈಗಲೂ ಮೈ ಉರಿಯುತ್ತದೆ.

ಕೆಲವು ವರ್ಷಗಳಲ್ಲಿ ಅವರು ಫ್ಲ್ಯಾಟ್ ಬಿಟ್ಟು ಊರಿಗೆ ಹೋದರು. ಆಂಟಿ ಮೊದಲು ತೀರಿಕೊಂಡರು. ನನಗೆ ಆ ಸುದ್ದಿ ತಲುಪಿದ್ದು ತಿಂಗಳುಗಳ ನಂತರ, ಅಮ್ಮನ ಫೋನಿನಲ್ಲಿ ಬೇರೇನೋ ಮಾತಿನ ನಡುವೆ. ಕಳೆದ ವರ್ಷ ಅಂಕಲ್ ಹೋದಾಗ ಮಾತ್ರ ದೆಹಲಿ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮಧ್ಯಾಹ್ನದವರೆಗೂ ಕೈಮುಗಿದ ಚಿತ್ರಗಳು. 'ನಿಜವಾದ ಕ್ರೀಡಾಪ್ರೇಮಿ' ಎಂದು ಯಾರೋ ಬರೆದಿದ್ದರು. ಹಾಕಿ ಕೋಲು ಹಿಡಿದು ನಗುತ್ತಿರುವ ಫೋಟೊ, ಅದರಲ್ಲೂ ಕಪ್ಪು ಕನ್ನಡಕ. ನನಗೆ ಅಳು ಬರಲಿಲ್ಲ. ಆದರೆ ಸಮಾಧಾನವೂ ಆಗಲಿಲ್ಲ. ಮೆಟ್ಟಿಲು ಹತ್ತಿ ಬಂದು ನನ್ನನ್ನು ಕೇಳಿದ ಅಂಕಲ್ ಒಬ್ಬರಿದ್ದರಲ್ಲ, ಅಂಥವರು ಯಾರೂ ಇರಲೇ ಇಲ್ಲ ಎಂಬುದನ್ನು ನಾನು ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲವೆಂದು ಕಾಣುತ್ತದೆ.

ಹೋಟೆಲಿನಲ್ಲಿ ನೀರು ಕುಡಿದು ನಿಂತಿದ್ದಾಗ ನಮ್ಮ ಆಫೀಸಿನ ಒಬ್ಬ ಹುಡುಗಿ ಹುಡುಕಿಕೊಂಡು ಬಂದಳು. ಹೊಸದಾಗಿ ಸೇರಿದವಳು, ದೆಹಲಿಯಲ್ಲೇ ಬೆಳೆದ ಕನ್ನಡದವಳು. ಮರುದಿನ ಬೆಳಿಗ್ಗೆ ಅಲ್ಲೇ ಬ್ಯಾಡ್ಮಿಂಟನ್ ಪಂದ್ಯ ಇಟ್ಟಿದ್ದರು.

"ಮ್ಯಾಮ್, ಡಬಲ್ಸ್‌ಗೆ ನನ್ ಪಾರ್ಟ್ನರ್ ಆಗ್ತೀರಾ? ನಿಮ್ ಜೊತೆನೇ ಖೇಲ್ನಾ ಹೈ."

"ನಾನೇ ಯಾಕೆ?" ಎಂದೆ. ಕೇಳುತ್ತ ಅವಳ ಮುಖವನ್ನೇ ನೋಡುತ್ತಿದ್ದೆ.

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬಸ್, ಐಸೇ ಹೀ" ಎಂದಳು, ಸುಮ್ಮನೆ ಎಂದು. ನನಗೆ ಆಗುವುದಿಲ್ಲಮ್ಮ, ಮಂಡಿನೋವು ಎಂದೆ. ಅವಳ ಮುಖ ಬಾಡಿತು. ಅದು ನಿಜವಾದ ಬೇಸರ, ಅದರಲ್ಲಿ ಕಪಟವಿರಲಿಲ್ಲ. ನನಗೆ ಅದು ಗೊತ್ತಾಗುವ ಹೊತ್ತಿಗೆ ಅವಳು ಅಚ್ಛಾ ಎಂದು ತಲೆಯಾಡಿಸಿ ಬೇರೆಯವರನ್ನು ಕೇಳಲು ಹೊರಟುಹೋಗಿದ್ದಳು.