ಎದುರು ಕೂತವರ ಕೈ

ನನ್ನ ಅಮ್ಮನನ್ನು ಕೇರಿಯವರೆಲ್ಲ ಎಡಚಿ ಎಂದು ಕರೆಯುತ್ತಿದ್ದರು. ಅವಳು ಉಣ್ಣುತ್ತಿದ್ದದ್ದು ಬಲಗೈಯಲ್ಲಿ, ಕಸ ಗುಡಿಸುತ್ತಿದ್ದದ್ದು ಬಲಗೈಯಲ್ಲಿ, ನನಗೆ ಎರಡು ಬಿಗಿಯುತ್ತಿದ್ದದ್ದೂ ಬಲಗೈಯಲ್ಲೇ. ಕೊನೆಯದಕ್ಕೆ ನನ್ನ ಬೆನ್ನೇ ಸಾಕ್ಷಿ. ಆದರೂ ಅವಳು ಎಡಚಿ. ದಿನಸಿ ಅಂಗಡಿಯವನು ಸಕ್ಕರೆ ಕಟ್ಟುತ್ತಾ ‘ಎಡಚಿ ಮಗಳು ಬಂದ್ಲು, ಜಾಗ ಬಿಡ್ರಪ್ಪ’ ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಮ್ಮನಿಗೆ ಏನೂ ಅನ್ನಿಸುತ್ತಿರಲಿಲ್ಲ, ಅಥವಾ ಅನ್ನಿಸಿದ್ದನ್ನು ಅವಳು ತೋರಿಸಿಕೊಳ್ಳುತ್ತಿರಲಿಲ್ಲ.

ಆ ಹೆಸರು ಬಂದದ್ದು ಹಗ್ಗದಿಂದ. ನಮ್ಮ ಮನೆಗಳಿದ್ದದ್ದು ಕಡಲಿಗೂ ಹಿನ್ನೀರಿಗೂ ನಡುವೆ ಸಿಕ್ಕಿಹಾಕಿಕೊಂಡ ಒಂದು ಮರಳಿನ ಪಟ್ಟಿಯಲ್ಲಿ. ತೆಂಗೊಂದನ್ನು ಬಿಟ್ಟು ಬಿತ್ತಿದ್ದೇನೂ ಅಲ್ಲಿ ಮೇಲೇಳುತ್ತಿರಲಿಲ್ಲ. ಗಂಡಸರು ದೋಣಿಗೆ ಹೋಗುತ್ತಿದ್ದರು, ಇಲ್ಲವೇ ನೀರಿನಾಚೆಯ ಹೆಂಚಿನ ಕಾರ್ಖಾನೆಗೆ. ಹೆಂಗಸರ ಪಾಲಿಗೆ ನಾರು. ಊರಿನ ಮಿಕ್ಕವರು ಕಾಯಿ ತಿಂದು ಎಸೆದ ಸಿಪ್ಪೆಯಲ್ಲೇ ನಮ್ಮ ಕೇರಿಯ ಒಲೆ ಉರಿಯುತ್ತಿತ್ತು. ಸಿಪ್ಪೆಯನ್ನು ಹಿನ್ನೀರಿನ ಕೆಸರಲ್ಲಿ ತಿಂಗಳುಗಟ್ಟಲೆ ಹೂತು ಕೊಳೆಸಬೇಕು, ತೆಗೆದು ಬಡಿಯಬೇಕು, ನಾರು ಬಿಡಿಸಿ ಒಣಗಿಸಬೇಕು. ಆಮೇಲೆ ಅದು ಶೆಡ್ಡಿಗೆ ಬರುತ್ತಿತ್ತು.

ಶೆಡ್ಡು ಎಂದರೆ ಉದ್ದಕ್ಕೆ ಹೋದ ಒಂದು ತಗಡಿನ ಸೂರು. ಗೋಡೆಯಿಲ್ಲ. ನೆಲಕ್ಕೆ ಚಾಪೆ, ಮೇಲೆ ನೆರಳು, ಎರಡೂ ಕಡೆಯಿಂದ ಗಾಳಿ. ಹೆಂಗಸರು ಸಾಲಾಗಿ ಕೂತು ನಾರನ್ನು ಎರಡು ಅಂಗೈಗಳ ನಡುವೆ ಇಟ್ಟು, ಬಲಗೈ ಮುಂದಕ್ಕೆ ಎಡಗೈ ಹಿಂದಕ್ಕೆ ಹೊಸೆದು ಎಳೆ ಮಾಡುತ್ತಿದ್ದರು. ಅಂಥ ಮೂರು ಎಳೆಗಳನ್ನು ಕೂಡಿಸಿ ತಿರುವು ಮುರುವಾಗಿ ತಿರುಚಿದರೆ ಹಗ್ಗ. ಕೈ ನಡೆಯುತ್ತಿದ್ದ ಹಾಗೆ ಬಾಯಿಯೂ ನಡೆಯುತ್ತಿತ್ತು. ಕೇರಿಯಲ್ಲಿ ಯಾರ ಮನೆಯ ಯಾವ ಗುಟ್ಟೂ ಆ ಸೂರಿನಡಿ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಈಗಲೂ ಎಲ್ಲಾದರೂ ನಾರಿನ ಹೊಸ ಕಾಲೊರಸು ಕಂಡರೆ ನಾನು ಬಗ್ಗಿ ಮೂಸಿ ನೋಡುತ್ತೇನೆ. ಜನ ನಕ್ಕರೆ ನಗಲಿ.

ಶೆಡ್ಡಿಗೆ ಯಜಮಾನಿ ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅಪ್ಪನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು, ಬೈಯುವುದರಲ್ಲಿ ಎತ್ತಿದ ಕೈ. ಅಮ್ಮ ಮದುವೆಯಾಗಿ ಒಳನಾಡಿನಿಂದ ಬಂದಾಗ ಕಡಲನ್ನೇ ಕಂಡವಳಲ್ಲ, ನಾರನ್ನಂತೂ ಮುಟ್ಟಿದವಳಲ್ಲ. ಅತ್ತೆ ಅವಳನ್ನು ಚಾಪೆಯ ಮೇಲೆ ತನ್ನ ಮುಂದೆ ಕೂರಿಸಿಕೊಂಡು, ‘ನನ್ನ ಕೈ ನೋಡು, ನಾನು ಮಾಡ್ದಂಗೇ ಮಾಡು. ಬಾಯಿ ಆಮೇಲೆ ಬಿಡುವಿಯಂತೆ’ ಎಂದು ಕಲಿಸಿದಳು. ಅಮ್ಮ ಬೇಗ ಕಲಿತಳು. ಅವಳ ಎಳೆ ಸಣ್ಣಗೆ, ಬಿಗಿಯಾಗಿ, ಎಲ್ಲೂ ಗಂಟಿಲ್ಲದೆ ಬರುತ್ತಿತ್ತು. ಅತ್ತೆ ಹೊಗಳುವ ಪೈಕಿಯಲ್ಲ, ಆದರೂ ಅಪ್ಪನ ಮುಂದೆ ‘ಪರವಾಗಿಲ್ಲ ಕಣೋ, ಕೈ ಇದೆ ಹುಡುಗಿಗೆ’ ಎಂದಿದ್ದಳಂತೆ.

ಆ ವರ್ಷವೇ ಒಂದು ಬೆಳಿಗ್ಗೆ ಗಂಡಸರೆಲ್ಲ ಸೇರಿ ದೊಡ್ಡ ದೋಣಿಯನ್ನು ದಂಡೆಗೆ ಎಳೆಯುತ್ತಿದ್ದಾಗ ನಮ್ಮ ಶೆಡ್ಡಿನ ಹೊಸ ಹಗ್ಗ ನಡುವಿನಲ್ಲಿ ಬಿಚ್ಚಿಕೊಂಡಿತು. ಹರಿಯಲಿಲ್ಲ, ಬಿಚ್ಚಿಕೊಂಡಿತು. ಎಳೆಯುತ್ತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಮರಳಿಗೆ ಬಿದ್ದರು. ಅಪ್ಪನ ಮುಂಭಾಗದ ಹಲ್ಲೊಂದು ಯಾರದೋ ಮೊಣಕೈಗೆ ಸಿಕ್ಕಿ ಅರ್ಧ ಮುರಿಯಿತು. ಮುಂದೆ ಅಪ್ಪ ನಕ್ಕಾಗಲೆಲ್ಲ ಅಮ್ಮ ಮುಖ ತಿರುಗಿಸುತ್ತಿದ್ದದ್ದು ಏಕೆಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ.

ಅತ್ತೆ ಹಗ್ಗದ ಆ ಭಾಗವನ್ನು ಶೆಡ್ಡಿಗೆ ತಂದು ಎಲ್ಲರೆದುರು ಬಿಡಿಸಿದಳು. ಮೂರು ಎಳೆಗಳಲ್ಲಿ ಎರಡರ ಸುತ್ತು ಒಂದು ಕಡೆಗಿತ್ತು, ಮೂರನೆಯದರದು ಅದಕ್ಕೆ ಉಲ್ಟಾ. ಹಗ್ಗ ತಿರುಚಿದಷ್ಟೂ ಆ ಎರಡು ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದವು, ಇದೊಂದು ಹಿಡಿತಕ್ಕೆ ಸಿಗದೆ ಬಿಟ್ಟುಕೊಂಡಿತ್ತು. ಅಂಥ ಎಳೆಯನ್ನು ಆ ಸೂರಿನಡಿ ಯಾರೂ ಕಂಡಿರಲಿಲ್ಲ.

‘ಯಾರ ಕೈ ಇದು?’ ಎಂದಳು ಅತ್ತೆ.

ಎಲ್ಲರೂ ಹೊಸೆದು ತೋರಿಸಬೇಕಾಯಿತು. ಅಮ್ಮ ಹೊಸೆದಾಗ ಎಡಗೈ ಮುಂದಕ್ಕೆ ಹೋಯಿತು. ‘ಅಯ್ಯೋ, ಎಡಚಿ!’ ಎಂದು ಯಾರೋ ನಕ್ಕರು. ಹೆಸರು ಅಲ್ಲೇ ಅಂಟಿಕೊಂಡಿತು. ಅತ್ತೆ ಅಮ್ಮನ ಕೈಗಳನ್ನು ದಿಟ್ಟಿಸಿ ನೋಡಿದಳಂತೆ. ಅಮ್ಮ ಬಲಗೈ ಮುಂದೆ ಮಾಡಿ ಹೊಸೆಯಲು ನೋಡಿದಳು. ಆದರೆ ಕೈ ಒಮ್ಮೆ ಕಲಿತದ್ದನ್ನು ಬಿಡಬೇಕಲ್ಲ! ಎಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ದೋಣಿಯವರು ಬೇರೆ ದಂಡೆಯಲ್ಲಿ ಹಗ್ಗ ಕೊಳ್ಳುತ್ತೇವೆಂದು ಕೂಗಾಡುತ್ತಿದ್ದರು. ಶೆಡ್ಡಿನ ಹೆಸರು ಉಳಿಯಬೇಕಿತ್ತು. ‘ಇನ್ಮೇಲೆ ನೀನು ಸಿಪ್ಪೆ ಬಡಿ. ನಿನ್ನ ಎಳೆ ಶೆಡ್ಡೊಳಗೆ ಬರ್ಕೂಡ್ದು’ ಎಂದು ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು.

ನನ್ನ ಬಾಲ್ಯದ ಅಮ್ಮ ಎಂದರೆ ಹಿನ್ನೀರಿನ ಅಂಚಿನಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು, ಮರದ ಕೊಡತಿಯಿಂದ ಕೊಳೆತ ಸಿಪ್ಪೆ ಬಡಿಯುವ ಅಮ್ಮ. ಉಗುರಿನ ಸುತ್ತ ಕಪ್ಪು, ಸೀರೆಗೆ ಕೆಸರು. ಆ ವಾಸನೆ ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಶೆಡ್ಡಿನಿಂದ ನಗು ಕೇಳಿಬಂದಾಗ ಅವಳ ಕೊಡತಿ ಒಂದು ಗಳಿಗೆ ನಿಲ್ಲುತ್ತಿತ್ತು. ಮಾತು ಏನೆಂದು ಅಷ್ಟು ದೂರಕ್ಕೆ ತಿಳಿಯುತ್ತಿರಲಿಲ್ಲ. ‘ಸಂಪಾದನೆ ಹಾಳಾಗ್ಲಿ ಕಣೆ, ಆ ಚಾಪೆ ಮೇಲೆ ನಾನೂ ಕೂರ್ಬೇಕು. ಎಲ್ಲರ ಜೊತೆ’ ಎಂದು ಒಮ್ಮೆ ನನಗೆ ತಲೆ ಬಾಚುತ್ತಾ ಹೇಳಿದ್ದಳು. ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಸಂಜೆ ಮಾತ್ರ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಉಳಿಕೆ ನಾರಿನಿಂದ ತನ್ನಷ್ಟಕ್ಕೆ ಹೊಸೆಯುತ್ತಿದ್ದಳು. ಮೂರೂ ಎಳೆ ಅವಳವೇ ಆದ್ದರಿಂದ ಹಗ್ಗ ಗಟ್ಟಿಯಾಗಿಯೇ ನಿಲ್ಲುತ್ತಿತ್ತು, ಸುತ್ತು ಮಾತ್ರ ಊರಿನ ಹಗ್ಗಕ್ಕೆ ತದ್ವಿರುದ್ಧ. ನಮ್ಮ ಬಾವಿಯ ಹಗ್ಗ, ಬಟ್ಟೆ ಒಣಹಾಕುವ ಹಗ್ಗ, ನಾನು ಮಲಗಿದ ತೊಟ್ಟಿಲಿನ ಹಗ್ಗ ಎಲ್ಲವೂ ಅವೇ. ನಾನು ಬಿದ್ದಿಲ್ಲ, ಇಲ್ಲೇ ಇದ್ದೇನೆ.

ಆ ಬಾವಿಯ ಹಗ್ಗವೇ ಅಮ್ಮನ ಕೈ ಹಿಡಿಯಿತು. ಬಲೆ ಕಟ್ಟುವ ಮುದುಕನೊಬ್ಬ ಇದ್ದ, ನಾವೆಲ್ಲ ಬಲೆಯಜ್ಜ ಎನ್ನುತ್ತಿದ್ದೆವು. ಒಂದು ಮಧ್ಯಾಹ್ನ ನಮ್ಮ ಬಾವಿಕಟ್ಟೆಗೆ ನೀರು ಕುಡಿಯಲು ಬಂದವನು ಕೊಡ ಬಿಟ್ಟು ಹಗ್ಗ ಹಿಡಿದು ನಿಂತುಬಿಟ್ಟ. ಬೆರಳಲ್ಲಿ ಸವರಿದ, ಕಣ್ಣ ಹತ್ತಿರ ತಂದು ನೋಡಿದ.

‘ಇದು ಯಾರ ಕೈ?’ ಎಂದ. ಅದೇ ಪ್ರಶ್ನೆ, ಆದರೆ ಈ ಬಾರಿ ಕೇಳಿದ ಧಾಟಿಯೇ ಬೇರೆ.

ಅವನ ಕಷ್ಟ ಇಷ್ಟು. ದೊಡ್ಡ ಬಲೆಯ ಮೇಲಂಚಿಗೆ ಕಟ್ಟಿದ ಹಗ್ಗ ನೀರಿನಲ್ಲಿ ನೆನೆದ ಮೇಲೆ ತನ್ನ ಸುತ್ತಿನ ದಿಕ್ಕಿಗೆ ತಿರುಗಲು ನೋಡುತ್ತದೆ. ತಿರುಗಿದರೆ ಬಲೆಯೂ ಚಾಪೆ ಸುತ್ತಿದ ಹಾಗೆ ಸುರುಳಿಯಾಗುತ್ತದೆ, ಮೀನು ಆಚೆಯಿಂದ ನಗುತ್ತದೆ. ಆ ಹಗ್ಗದ ಪಕ್ಕದಲ್ಲೇ ಉಲ್ಟಾ ಸುತ್ತಿನ ಇನ್ನೊಂದು ಹಗ್ಗ ಜೋಡಿಸಿ ಕಟ್ಟಿದರೆ, ಇದು ಅತ್ತ ಎಳೆದರೆ ಅದು ಇತ್ತ ಎಳೆದು ಬಲೆ ನೆಟ್ಟಗೆ ನಿಲ್ಲುತ್ತದೆ. ಅಂಥ ಹಗ್ಗಕ್ಕಾಗಿ ಅವನು ದೂರದ ಬಂದರಿಗೆ ಹೋಗಿ ಬರುತ್ತಿದ್ದ.

ಅತ್ತೆಗೆ ಸುದ್ದಿ ಮುಟ್ಟಿತು. ಮೊದಲು ಮುಖ ಊದಿಸಿಕೊಂಡಳು, ಬಲೆಯಜ್ಜನಿಗೆ ಅರಳುಮರಳು ಎಂದಳು. ಆಮೇಲೆ ಒಂದು ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿನ್ನೀರಿನ ಅಂಚಿಗೆ ಇಳಿದು ಬಂದಳು. ನಾನು ಅಲ್ಲೇ ನಾರು ಒಣಹಾಕುತ್ತಿದ್ದೆ. ಅಮ್ಮ ಕೊಡತಿ ಎತ್ತಿದವಳು ಹಾಗೇ ನಿಂತಳು.

‘ಏಳೇ ಎಡಚಿ, ಕೈ ತೊಳ್ಕೊಂಡು ಬಾ’ ಎಂದಳು ಅತ್ತೆ.

ಅಷ್ಟೇ. ಅಮ್ಮ ಕೈ ತೊಳೆದಳು. ಒಮ್ಮೆ ತೊಳೆದದ್ದು ಸಾಲದೆ ಮತ್ತೆ ಮರಳಲ್ಲಿ ಉಜ್ಜಿ ತೊಳೆದಳು. ಅವಳ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು.

ಎಳೆಗಳು ಬೆರಕೆಯಾಗಬಾರದೆಂದು ಅತ್ತೆ ಅವಳ ಚಾಪೆಯನ್ನು ಶೆಡ್ಡಿನ ಆಚೆ ತುದಿಯಲ್ಲಿ ಹಾಕಿಸಿದಳು. ತಾನು ಈ ತುದಿ. ಜೋಡಿ ಹಗ್ಗದ ಬಲಸುತ್ತನ್ನು, ಅಂದರೆ ಊರಿನ ಸುತ್ತಿನ ಹಗ್ಗವನ್ನು, ಅತ್ತೆ ಬೇರೆ ಯಾರ ಕೈಗೂ ಕೊಡದೆ ತಾನೇ ಹೊಸೆದಳು. ಹಾಗೆ ಅವರಿಬ್ಬರೂ ವರ್ಷಗಟ್ಟಲೆ ಎದುರುಬದುರು ಕೂತು, ಉದ್ದದ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಕೂಗಿ ಮಾತಾಡುತ್ತಿದ್ದರು. ‘ಲೇ ಎಡಚಿ, ನಿದ್ದೆ ಬಂತೇನೆ?’ ‘ನಿಮ್ಮ ಬಾಯಿ ಇರೋವಾಗ ನಿದ್ದೆ ಎಲ್ಲಿಂದ ಬರುತ್ತೆ ಅತ್ತಿಗೆ!’ ನಡುವೆ ಕೂತವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ದಂಡೆಯುದ್ದಕ್ಕೂ ಬಲೆ ಕಟ್ಟುವವರು ನಮ್ಮ ಜೋಡಿಗೇ ಬರತೊಡಗಿದರು. ನನ್ನ ಬದುಕಿನ ಚೆಂದದ ಕಾಲ ಯಾವುದೆಂದರೆ ನಾನು ಅದನ್ನೇ ಹೇಳುವುದು.

ಆಮೇಲೆ ನೈಲಾನ್ ಬಂತು. ನೀಲಿ ಬಣ್ಣ, ಕೊಳೆಯುವುದಿಲ್ಲ, ಕೈಗೆ ಚುಚ್ಚುವುದಿಲ್ಲ, ಅಂಗಡಿಯಲ್ಲಿ ಎಷ್ಟು ಬೇಕೋ ಅಷ್ಟು ಕತ್ತರಿಸಿ ಕೊಡುತ್ತಾರೆ. ಅದು ಒಳ್ಳೆಯ ಹಗ್ಗವೇ, ಸುಳ್ಳೇಕೆ ಹೇಳಲಿ. ಶೆಡ್ಡಿನ ಹೆಂಗಸರು ಒಬ್ಬೊಬ್ಬರೇ ಮೀನು ಒಣಗಿಸಲು ಹೋದರು, ಹೆಂಚಿನ ಕಾರ್ಖಾನೆಗೆ ಹೋದರು. ನಾನು ಮಂಜುಗಡ್ಡೆ ಕಾರ್ಖಾನೆಯ ಕಚೇರಿ ಸೇರಿದೆ. ಕೊನೆಗೆ ಆ ಸೂರಿನಡಿ ಉಳಿದದ್ದು ಈ ತುದಿಯಲ್ಲೊಬ್ಬಳು, ಆ ತುದಿಯಲ್ಲೊಬ್ಬಳು. ನಡುವೆ ನಗುವವರಿಲ್ಲದೆ ಮಾತಿನ ಗತ್ತೂ ಇಳಿದಿತ್ತು.

ಬಲೆಯಜ್ಜ ಮಾತ್ರ ನೈಲಾನ್ ಎಂದರೆ ಮೂಗು ಮುರಿಯುತ್ತಿದ್ದ. ಕಟ್ಟಕಡೆಯ ಬಲೆಗೆಂದು ಒಂದು ಜೋಡಿ ಹೇಳಿ ಹೋದ. ಅಮ್ಮನ ಹಗ್ಗ ಮುಗಿಯಿತು. ಅತ್ತೆಯದು ಅರ್ಧವಾಗಿದ್ದಾಗ ಒಂದು ದಿನ ಅವಳ ಬಲಗೈ ಮೇಲೇಳಲೇ ಇಲ್ಲ. ಬಾಯಿಯೂ ಸ್ವಲ್ಪ ಸೊಟ್ಟಗಾಯಿತು. ಆಸ್ಪತ್ರೆಯಿಂದ ಕರೆತಂದು ಜಗಲಿಯಲ್ಲಿ ಮಂಚ ಹಾಕಿದೆವು. ಅರ್ಧ ಹಗ್ಗ ಕಾಲ್ದೆಸೆಯಲ್ಲಿ ಸುರುಳಿ ಬಿದ್ದಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

ಒಂದು ಮಧ್ಯಾಹ್ನ, ಅಮ್ಮ ಅವಳ ಕೈಗೆ ಎಣ್ಣೆ ತಿಕ್ಕುತ್ತಿದ್ದಾಗ, ಅತ್ತೆ ಇದ್ದಕ್ಕಿದ್ದಂತೆ ಹೇಳಿದಳು: ‘ನೀನು ಎಡಚಿ ಅಲ್ಲ ಕಣೇ.’

ಅಮ್ಮ ತಿಕ್ಕುತ್ತಲೇ ಇದ್ದಳು.

‘ಕಲಿಸೋವಾಗ ನಿನ್ನನ್ನ ಎದುರಿಗೆ ಕೂರಿಸ್ಕೊಂಡೆ. ನನ್ನ ಬಲಗೈ ನಿನ್ನ ಎಡಗೈ ಕಡೆ ಇತ್ತು. ನೀನು ಕಂಡಂಗೇ ಕಲ್ತೆ. ಮಿಕ್ಕೋರನ್ನೆಲ್ಲ ಪಕ್ಕದಲ್ಲಿ ಕೂರಿಸ್ಕೊಂಡು ಕಲಿಸಿದ್ದೆ. ನೀನು ಹೊಸಬಳು, ನಿನ್ನ ಮುಖ ನೋಡ್ಬೇಕು ಅನ್ನಿಸ್ತು. ಆ ಹಗ್ಗ ಬಿಚ್ಕೊಂಡ ದಿನಾನೇ ನಂಗೆ ಹೊಳೀತು. ಎಲ್ರೂ ನನ್ನೇ ನೋಡ್ತಿದ್ರು. ಬಾಯಿ ಬರ್ಲಿಲ್ಲ.’

‘ಗೊತ್ತಿತ್ತು ಅತ್ತಿಗೆ’ ಎಂದ ಅಮ್ಮ ಪಕ್ಕದಲ್ಲಿದ್ದ ನನ್ನ ಕಡೆ ಕಣ್ಣು ಮಾಡಿದಳು. ‘ಇವಳಿಗೆ ಲಂಗದ ಲಾಡಿ ಕಟ್ಟೋದು ಕಲಿಸೋವಾಗ ಎದುರಿಗೆ ಕೂತಿದ್ದೆ. ಎಲ್ಲ ಉಲ್ಟಾ ಕಟ್ಟಿದ್ಲು. ಆಗ ಗೊತ್ತಾಯ್ತು.’

‘ಮತ್ಯಾಕೆ ಹೇಳ್ಲಿಲ್ಲ?’

‘ಹೇಳಿದ್ರೆ ಒಪ್ಕೊಳ್ತಿದ್ರಾ?’

ಅತ್ತೆ ‘ಇಲ್ಲ’ ಎಂದಳು.

ಇಬ್ಬರೂ ನಕ್ಕರು! ನನಗೆ ನಗು ಬರಲಿಲ್ಲ. ಅಷ್ಟು ವರ್ಷ ಕೆಸರಲ್ಲಿ ನಿಂತವಳು, ಅಪ್ಪನ ಮುರಿದ ಹಲ್ಲಿಗೆ ತಾನೇ ಕಾರಣವೆಂದು ಮುಖ ತಿರುಗಿಸಿದವಳು ನನ್ನ ಅಮ್ಮ. ಅತ್ತೆಯ ಮೇಲೆ ಕೆಂಡದಂಥ ಸಿಟ್ಟು ಬಂತು. ಅಡುಗೆಮನೆಯಲ್ಲಿ ಅಮ್ಮನ ಮುಂದೆ ಹಾರಾಡಿದೆ. ಅವಳು ‘ಕೊನೆಗೂ ಹೇಳಿದ್ರಲ್ಲ, ಬಿಡು’ ಎಂದು ಪಾತ್ರೆ ತಿಕ್ಕಲು ಕೂತಳು. ಅವಳು ಬಿಟ್ಟಳು. ನನಗೆ ಬಿಡಲು ಬಹಳ ಕಾಲ ಹಿಡಿಯಿತು.

ಮರುದಿನ ಅತ್ತೆ ಅಮ್ಮನನ್ನು ಕರೆದು ಮಂಚದ ಮೇಲೆ ತನ್ನ ಮಗ್ಗುಲಲ್ಲೇ ಕೂರಿಸಿಕೊಂಡಳು. ‘ಈಗ ಸರಿಯಾಗಿ ಕಲಿಸ್ತೀನಿ. ಬಲಗೈ ಮುಂದೆ. ಹ್ಞಾ, ಮೆತ್ತಗೆ. ಏ ದಡ್ಡಿ, ಮೆತ್ತಗೆ ಅಂದೆ!’ ಅರ್ಧ ಸೊಟ್ಟ ಬಾಯಿಯಲ್ಲೂ ಬೈಗುಳ ಮಾತ್ರ ನೆಟ್ಟಗೆ ಬರುತ್ತಿತ್ತು. ತಲೆ ನರೆತ ಅಮ್ಮ ಶಾಲೆಯ ಹುಡುಗಿಯ ಹಾಗೆ ಬೈಸಿಕೊಳ್ಳುತ್ತಾ ಹೊಸೆದಳು. ಎಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಆದರೂ ಜೋಡಿ ಮುಗಿಯಿತು. ಬಲೆಯಜ್ಜ ಕೊನೆಯ ಆ ಭಾಗವನ್ನು ಬೆರಳಲ್ಲಿ ಸವರಿ ನೋಡಿದ, ಏನೂ ಕೇಳದೆ ಹೆಗಲಿಗೆ ಹಾಕಿಕೊಂಡು ಹೋದ.

ಅತ್ತೆ ಬಹಳ ದಿನ ಉಳಿಯಲಿಲ್ಲ. ಶೆಡ್ಡಿನ ತಗಡನ್ನೂ ಯಾರೋ ಬಿಚ್ಚಿಕೊಂಡು ಹೋದರು.

ಅಮ್ಮ ಈಗಲೂ ಸಂಜೆಯಾದರೆ ಹೊಸ್ತಿಲಲ್ಲಿ ಒಂದು ಹಿಡಿ ನಾರು ಹಿಡಿದು ಕೂರುತ್ತಾಳೆ. ಕೊಳ್ಳುವವರಿಲ್ಲ, ಕಟ್ಟಲು ದೋಣಿಯಿಲ್ಲ. ಮೊನ್ನೆ ನೋಡುತ್ತೇನೆ, ಬಲಗೈ ಮುಂದೆ ಮಾಡಿ ಹೊಸೆಯುತ್ತಿದ್ದಾಳೆ. ಎಳೆ ಎಂದಿನಂತೆ ಉಬ್ಬುತಗ್ಗು.

‘ನಿನ್ನ ಕೈ ಅಷ್ಟು ಚೆನ್ನಾಗಿತ್ತು. ಅದನ್ನ ಬಿಟ್ಟು ಇದ್ಯಾಕಮ್ಮ?’ ಎಂದೆ.

ಅವಳು ತಲೆ ಎತ್ತಲಿಲ್ಲ.

‘ನನ್ನದು ಬೇಕಾದಷ್ಟು ಬಿದ್ದಿದೆ’ ಎಂದಳು. ‘ಜೋಡಿಗೆ ಆ ಕಡೆಯವರೇ ಇಲ್ಲ.’