ಪಂಚಮಿಯ ಹಾಜರಿ

ನಮ್ಮ ಶಾಲೆಯ ಸುತ್ತ ಮೊದಲು ರಾಗಿ ಹೊಲವಿತ್ತು, ಆಮೇಲೆ ಫ್ಯಾಕ್ಟರಿ ಬಂತು, ಆಮೇಲೆ ಗಾಜಿನ ಕಟ್ಟಡಗಳು ಬಂದವು. ಹೆಂಚಿನ ಕೋಣೆ ಮಾತ್ರ ಇದ್ದಲ್ಲೇ ಇದೆ. ನಾನು ಅಆಇಈ ತಿದ್ದಿದ್ದೂ ಅಲ್ಲೇ, ಈಗ ತಿದ್ದಿಸುತ್ತಿರುವುದೂ ಅಲ್ಲೇ. ನನ್ನ ಜೊತೆ ಓದಿದವರ ಮಕ್ಕಳೆಲ್ಲ ಹಳದಿ ಬಸ್ಸು ಹತ್ತಿ ಕಾನ್ವೆಂಟಿಗೆ ಹೋಗುತ್ತಾರೆ. ನಮ್ಮ ಕೋಣೆ ತುಂಬಿಸಿದವರು ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು. 'ಮಿಸ್' ಅನ್ನುವವರು ಹೋಗಿ, 'ಅಕ್ಕೋರ' ಅನ್ನುವವರು ಬಂದರು.

ಈ ಸಲ ನಾಗರಪಂಚಮಿಯ ದಿನ ಇಲಾಖೆಯ ಸಾಹೇಬರು ಹೇಳದೆ ಕೇಳದೆ ಬಂದರು. ಕೋಣೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಮಕ್ಕಳೆಲ್ರೀ ಮೇಡಂ?"

"ಪಂಚಮಿಗೆ ಊರಿಗೆ ಹೋಗಿದ್ದಾರೆ ಸಾರ್."

"ಪಂಚಮಿಗೆಲ್ಲ ಯಾರ್ರೀ ಊರಿಗೆ ಹೋಗ್ತಾರೆ? ಹುತ್ತಕ್ಕೆ ಹಾಲೆರೆದು ಬಂದ್ರೆ ಮುಗೀತು. ಕಥೆ ಹೇಳ್ಬೇಡಿ!"

ನಮ್ಮ ಕಡೆ ಅದು ಬೆಳಿಗ್ಗೆಗೇ ಮುಗಿಯುವ ಹಬ್ಬ, ನಿಜ. ಆ ಕಡೆಯವರಿಗೆ ಹೆಣ್ಣುಮಕ್ಕಳು ತವರಿಗೆ ಹೋಗಿ, ಉಂಡಿ ಕಟ್ಟಿ, ಜೋಕಾಲಿ ಆಡುವ ದೊಡ್ಡ ಹಬ್ಬ. ಹೇಳಿದರೆ ಸಾಹೇಬರು ಕೇಳಬೇಕಲ್ಲ! ನಾಳೆ ಮತ್ತೆ ಬರುತ್ತೇನೆ, ಹೀಗೇ ಇದ್ದರೆ ಇದನ್ನು ಮುಚ್ಚಿ ಹೊಸೂರು ರೋಡಿನ ಆಚೆಯ ಶಾಲೆಗೆ ಸೇರಿಸುತ್ತೇವೆ ಎಂದು ಹೊರಟರು. ಆ ರೋಡು ದಾಟುವಾಗ ನನಗೇ ಜೀವ ಬಾಯಿಗೆ ಬರುತ್ತದೆ. ಒಂದನೇ ಕ್ಲಾಸಿನ ಕೂಸುಗಳು ದಿನಾ ದಾಟುತ್ತವಾ?

ಮಕ್ಕಳೆಲ್ಲ ಒಂದೇ ಊರಿನವರು, ತಾಯಂದಿರ ತವರೂ ಅಲ್ಲೇ ಅಕ್ಕಪಕ್ಕ; ಒಬ್ಬರಿಗೆ ಹೇಳಿದರೆ ಎಲ್ಲರಿಗೂ ಮುಟ್ಟುತ್ತದೆ. ಒಬ್ಬಳ ತಾಯಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ನಾಳಿ ಜೋಕಾಲಿ ಅದರಿ ಅಕ್ಕೋರ. ವರ್ಷಕ್ಕೊಮ್ಮಿ ತವರಮನಿ ನೋಡ್ತೀನ್ರಿ. ಹೆಂಗ್ ಬಿಟ್ಟು ಬರಬೇಕು?"

ಅವಳು ಫೋನ್ ಇಟ್ಟುಬಿಟ್ಟಳು.

ಮಾರನೆಯ ಬೆಳಿಗ್ಗೆ ನಾನು ಒಂದು ಕಡೆ ಕೂತಿದ್ದರೆ ಕೇಳಿ. ಗೇಟಿಗೆ ಹೋದೆ, ಬಂದೆ, ಬೋರ್ಡ್ ಒರೆಸಿದೆ, ಒರೆಸಿದ್ದನ್ನೇ ಒರೆಸಿದೆ. ಪ್ರಾರ್ಥನೆಯ ಹೊತ್ತಿಗೆ ಹೊರಗೆ ಗಲಾಟೆ ಕೇಳಿಸಿತು. ಬಸ್ಸಿಳಿದು ನೇರ ಬಂದಿದ್ದರು ಮಕ್ಕಳು. ಹೊಸ ಬಟ್ಟೆ ಮುದುಡಿತ್ತು, ಹುಡುಗಿಯರ ಕೈಯಲ್ಲಿ ಮದರಂಗಿ.

"ಬಂದೀವ್ರಿ," ಎಂದಳು ಆ ತಾಯಿ. "ನಮ್ ಸಾಲಿ ಉಳಸ್ರಿ."

ನನಗೆ ಅಳು ಬಂದುಬಿಟ್ಟಿತು.

ಸಾಹೇಬರು ಬರುವಷ್ಟರಲ್ಲಿ ಮಕ್ಕಳೆಲ್ಲ ಬ್ಯಾಗಿನ ಮೇಲೆ ತಲೆಯಿಟ್ಟು ನೆಲದಲ್ಲೇ ಮಲಗಿಬಿಟ್ಟಿದ್ದರು.

"ಏನ್ರೀ ಇದು? ಶಾಲೆನಾ, ಛತ್ರಾನಾ?"

"ರಾತ್ರಿಯೆಲ್ಲ ಬಸ್ಸಲ್ಲಿ ಕೂತು ಬಂದಿವೆ ಸಾರ್," ಜಗಳಕ್ಕೇ ನಿಂತೆ. "ಪಾಠ ನಾಳೆ. ಇವತ್ತು ಹಾಜರಿ ಮಾತ್ರ!"

ಆ ಮಾತು ಕಿವಿಗೆ ಬಿತ್ತೇನೋ, ಮದರಂಗಿಯ ಪುಟ್ಟ ಕೈಯೊಂದು ಮೇಲೆದ್ದಿತು. ಕಣ್ಣು ಬಿಡದೆಯೇ ಹುಡುಗಿ ಅಂದಳು:

"ಹಾಜರ್ರೀ ಅಕ್ಕೋರ."

ಸಾಹೇಬರು ಬಾಗಿಲಲ್ಲೇ ಶೂ ಬಿಚ್ಚಿಟ್ಟರು. ಸದ್ದು ಮಾಡದೆ ಒಳಗೆ ಬಂದು ತಲೆ ಎಣಿಸತೊಡಗಿದರು.