ತಂತಿಯ ಕೆಳಗಿನ ಬೇವು

ಬೇವು ಬೆಳೆಸುವುದಕ್ಕೆ ನನಗೆ ಬರುವುದಿಲ್ಲ ಎಂದು ಮನೆಯಲ್ಲಿ ಎಲ್ಲರೂ ನಕ್ಕಿದ್ದಾರೆ. ನಗಲಿ. ಈಗ ನಮ್ಮ ದ್ರಾಕ್ಷಿ ತೋಟದ ಪಡುವಣ ಅಂಚಿನಲ್ಲಿ ಹನ್ನೊಂದು ಬೇವಿನ ಗಿಡ ನಿಂತಿವೆ. ಒಂದನ್ನೂ ನಾನು ನೆಟ್ಟಿಲ್ಲ, ಒಂದನ್ನೂ ಕೀಳಲು ಬಿಟ್ಟಿಲ್ಲ.

ತಮಿಳುನಾಡಿನ ಈ ಕಂಬಂ ಕಣಿವೆಯಲ್ಲಿ ಆಡಿ ತಿಂಗಳ, ನಮ್ಮ ಆಷಾಢದ ಗಾಳಿ ಎಂದರೆ ಕಂಡವರಿಗೇ ಗೊತ್ತು. ಬೆಟ್ಟದ ಸಂದಿನಿಂದ ನುಗ್ಗಿ ಬಂದರೆ ಹೆಂಚು ಉಳಿಯುವುದಿಲ್ಲ. ಅಂಥ ಒಂದು ಗಾಳಿಗೆ ಮನೆ ಮುಂದಿನ ಹಳೆಯ ಬೇವು ಬುಡಸಮೇತ ಬಿತ್ತು, ಮೈತುಂಬ ಹಣ್ಣು ಹೊತ್ತುಕೊಂಡೇ. ನಾನು ಹಣ್ಣೆಲ್ಲ ಆರಿಸಿ, ಬೀಜ ಒಣಗಿಸಿ, ರಾಗಿಯ ಬಿತ್ತನೆ ಬೀಜ ಇಡುವ ಹಾಗೆಯೇ ಬೂದಿ ಬೆರೆಸಿ ಮಡಕೆಗೆ ತುಂಬಿದೆ. ಬಾಯಿಗೆ ಸಗಣಿ ಮೆತ್ತಿ ಅಟ್ಟಕ್ಕೆ ಏರಿಸಿದೆ. ನನ್ನ ಅತ್ತೆ ಕಲಿಸಿದ ಪದ್ಧತಿ ಅದು. ಬೀಜ ಅಂದಮೇಲೆ ಎಲ್ಲ ಬೀಜವೂ ಒಂದೇ ಅಂದುಕೊಂಡಿದ್ದೆ. ಮರುವರ್ಷ ತೆಗೆದು ತೋಟದ ಅಂಚಿಗೆ ಊರಿ ದಿನಾ ಚೆಂಬಿನಲ್ಲಿ ನೀರು ಹೊಯ್ದೆ. ಒಂದೂ ಮೊಳೆಯಲಿಲ್ಲ.

"ಅವ್ವೋ, ಅದೇನು ರಾಗಿನಾ, ಮಡಕೇಲಿ ಮಲಗ್ಸಕ್ಕೆ? ಬೇವಿನ ಬೀಜ ಬಿದ್ದ ತಿಂಗ್ಳಲ್ಲೇ ಮಣ್ಣು ಕಾಣ್ಬೇಕು," ಎಂದ ಮಗ.

"ಆಗ್ಲೇ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕೇಳೋಳಾ?"

ಕೇಳುತ್ತಿರಲಿಲ್ಲ, ಅದು ನಿಜ.

ಅದೇ ವರ್ಷ ಮಗ ಮುದಿ ದ್ರಾಕ್ಷಿ ಬಳ್ಳಿಗಳನ್ನು ಕಿತ್ತು ಹಾಕಿಸಿದ. ಬಳ್ಳಿ ಹಬ್ಬಿಸುವ ಪಂದಲಿನ, ಚಪ್ಪರದ ಕಲ್ಲುಕಂಬ, ಮೇಲೆ ಎಳೆದ ತಂತಿ ಮಾತ್ರ ಬೋಳಾಗಿ ನಿಂತವು. ಕಾಲುವೆ ಆಚೆ ಕೋಯಿಲಿನ, ಅಂದರೆ ಗುಡಿಯ ಮುಂದೆ ಒಂದು ದೊಡ್ಡ ಬೇವು ಇದೆ. ಗೊರವಂಕ, ಕಾಗೆಗಳು ಅಲ್ಲಿ ಹಣ್ಣು ತಿಂದು ಬಂದು ನಮ್ಮ ಅಂಚಿನ ದಪ್ಪ ತಂತಿಯ ಮೇಲೆ ಕೂರುತ್ತಿದ್ದವು. ನಾನು ಕಲ್ಲು ಬೀಸಿ ಓಡಿಸುತ್ತಿದ್ದೆ. ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಮಳೆ ಬಿದ್ದ ಮೇಲೆ ಮೊದಲು ಕಂಡವಳು ನನ್ನ ಮೊಮ್ಮಗಳು, ಮಗನ ಮಗಳು, ಏಳು ವರ್ಷ. ನಮ್ಮ ಮನೆಯ ಕನ್ನಡ ಅವಳಿಗೆ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ತಮಿಳೇ. "ಪಾಟಿ, ಯಾರು ನಟ್ಟಾಂಗ?" ಎಂದಳು. ಯಾರು ನೆಟ್ಟರು ಅಜ್ಜಿ ಎಂದು ಕೇಳಿದ್ದಕ್ಕೆ ನಾನೂ ಬಗ್ಗಿ ನೋಡಿದೆ. ಬೆರಳುದ್ದದ ಬೇವಿನ ಸಸಿಗಳು, ಹಗ್ಗ ಹಿಡಿದು ನೆಟ್ಟ ಹಾಗೆ ಒಂದೇ ಸಾಲು. ಎಲೆಯ ಮೇಲೆಲ್ಲ ಬಿಳಿ ಹಿಕ್ಕೆ. ಇಬ್ಬರೂ ಒಟ್ಟಿಗೆ ತಲೆ ಎತ್ತಿದೆವು. ಸರಿಯಾಗಿ ನೆತ್ತಿಯ ಮೇಲೆ ತಂತಿ, ತಂತಿಯ ಮೇಲೆ ಬಾಲ ಕುಣಿಸುತ್ತ ಗೊರವಂಕ. ನನಗೆ ಎಂಥ ನಗು ಬಂತು ಎಂದರೆ ಮಣ್ಣಲ್ಲೇ ಕುಳಿತುಬಿಟ್ಟೆ.

ಅವು ಮೊಣಕಾಲೆತ್ತರ ಬಂದಾಗ ಒಂದು ಬೆಳಿಗ್ಗೆ ಮಗ ಟ್ರ್ಯಾಕ್ಟರ್ ಕರೆತಂದ. ಹೊಸ ಬಳ್ಳಿ ಹಾಕಬೇಕು, ಅಂಚಿನವರೆಗೂ ಉಳಬೇಕು ಎಂದ. ನಾನು ಸೆರಗು ಸಿಕ್ಕಿಸಿ ಸಾಲಿನ ಮುಂದೆ ಕುಳಿತೆ.

ಓಡಿಸುವವನು ಇಂಜಿನ್ ನಿಲ್ಲಿಸಿ, "ಪಾಟಿ, ಕೊಂಜ ಎಳುಂದಿರಿಂಗ," ಎಂದು ಏಳಲು ಬೇಡಿದ. ಏಳಲಿಲ್ಲ.

"ಅವ್ವೋ, ವಂಬು-ಜಗಳ ಮಾಡ್ಬ್ಯಾಡ. ಬೇವು ಬೆಳದ್ರೆ ಬಳ್ಳಿಗೆ ನೆಳ್ಳು," ಎಂದ ಮಗ.

"ಪಡುವಲಿಂದ ಗಾಳಿ ಬಂದು ಹಳೇ ಬಳ್ಳಿ ಚಿಗುರೆಲ್ಲ ಹರೀತಲ್ಲ, ಆಗ ತಲೆ ಮ್ಯಾಲೆ ಕೈ ಹೊತ್ತು ಕೂತಿದ್ದು ನಾನಾ? ಇವು ಎದ್ದು ನಿಂತ್ರೆ ಗಾಳಿಗೆ ಅಡ್ಡ."

"ಕಾಗೆ ಹೇತ ಗಿಡಕ್ಕೆ ಇಷ್ಟು ಜಗಳನಾ?"

"ನಾನು ಊರಿದ್ದು ಹುಟ್ಲಿಲ್ಲ, ಅದು ಹೇತಿದ್ದು ಹುಟ್ತು. ಯಾರ್ಲಾ ದೊಡ್ಡ ಬೇಸಾಯಗಾರ, ನೀನೇ ಹೇಳು!"

ಅವನು ನನ್ನ ತೋಳು ಹಿಡಿದು ಎಬ್ಬಿಸಲು ಬಂದ. ಆಗ ಸ್ಕೂಲ್ ಬ್ಯಾಗ್ ಹೊತ್ತು ಬದುವಿನ ಮೇಲೆ ನಿಂತಿದ್ದ ಮೊಮ್ಮಗಳು ಓಡಿ ಬಂದಳು. ಎರಡೂ ಕೈ ಅಗಲಿಸಿ ನನ್ನ ಪಕ್ಕ ನಿಂತು ಕೂಗಿದಳು:

"ಅಪ್ಪಾ, ಕೀಳ್ಬ್ಯಾಡ! ಇದು ನಮ್ ಗಿಡ! ಹಕ್ಕಿ ಕೊಟ್ಟಿದ್ದು!"

ಅಯ್ಯೋ, ನಾನು ಏನೆಂದು ಬರೆಯಲಿ! ಹುಟ್ಟಿದಾಗಿನಿಂದ ಒಂದು ಮಾತೂ ಕನ್ನಡದಲ್ಲಿ ಆಡದ ಮಗು. ಒಳಗೆ ಅಷ್ಟೆಲ್ಲ ಬಿದ್ದಿತ್ತಲ್ಲ! ಗಿಡ ಮರೆತು ಅವಳನ್ನು ತಬ್ಬಿಕೊಂಡೆ, ಮುತ್ತಿಟ್ಟೆ, ಅವಳ ಜಡೆ ಕೆದರಿಹೋಯಿತು. ಮಗ ನನ್ನ ತೋಳು ಬಿಟ್ಟು ಅವಳನ್ನೇ ನೋಡುತ್ತ ನಿಂತ. "ಏನಂದೆ, ಇನ್ನೊಂದ್ಸಲ ಹೇಳು," ಎಂದ. ಅವಳು ಇನ್ನೂ ಜೋರಾಗಿ ಹೇಳಿದಳು.

ಆಮೇಲೆ ಅವನು ತಂತಿಯ ಕೆಳಗಿನಿಂದ ಆರು ಹೆಜ್ಜೆ ಅಳೆದು, ಹಿಮ್ಮಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದು, ಇಲ್ಲಿಂದ ಉಳು ಎಂದು ಟ್ರ್ಯಾಕ್ಟರಿನವನಿಗೆ ಕೈ ತೋರಿಸಿದ. ಸಂಜೆ ಕರುವೇಲದ, ಅಂದರೆ ಜಾಲಿಯ ಮುಳ್ಳು ಕಡಿದು ತಂದು ಹನ್ನೊಂದಕ್ಕೂ ಮೇಕೆ ಬಾಯಿ ಹಾಕದಂತೆ ಸುತ್ತಿದವನೂ ಅವನೇ. ಸುತ್ತುತ್ತಲೇ ಗುರುಗುಟ್ಟಿದ:

"ನೋಡವ್ವ, ನಾಳೆ ಬಳ್ಳಿ ಮ್ಯಾಲೆ ನೆಳ್ಳು ಬಿದ್ರೆ ನಾನೇ ಕಡೀತೀನಿ."

"ಕಡಿ," ಎಂದೆ. "ಮೊದ್ಲು ಗೊರವಂಕನ್ನ ಕೇಳ್ಕಂಡು ಕಡಿ. ನೀನು ಒಂದು ಕಡುದ್ರೆ ಅದು ಹತ್ತು ತತ್ತದೆ."